ಸಭಾಪಾಲಕರನ್ನು ಪಾಲಿಸುವವರು ಯಾರು?

ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆಯ ಆರಾಧನೆ. ಬಿಳಿ ನಿಲುವಂಗಿ ತೊಟ್ಟು ಪ್ರಸಂಗಪೀಠದಲ್ಲಿ ನಿಂತ ಸಭಾಪಾಲಕರನ್ನು ಎಲ್ಲರೂ ಕಾಣುತ್ತಾರೆ. ಉಳಿದ ಆರು ದಿನ ಅವರಿಗೇನು ಕೆಲಸ? ತಮಾಷೆಗೆಂದು ಈ ಪ್ರಶ್ನೆ ಕೇಳುವವರು ಚರ್ಚಿನ ಹೊರಗೂ ಇದ್ದಾರೆ, ಒಳಗೂ ಇದ್ದಾರೆ. ವಾರಕ್ಕೊಂದು ದಿನದ ದುಡಿಮೆ, ವಾಸಕ್ಕೆ ಮನೆ, ಹೋದಲ್ಲೆಲ್ಲ ಗೌರವ. ಇದಕ್ಕಿಂತ ಸುಖದ ಕೆಲಸ ಇನ್ನೊಂದುಂಟೇ ಎಂಬ ಭಾವನೆ ಸಾಮಾನ್ಯ.

ಆದರೆ ಆ ಮನೆಯ ಬಾಗಿಲು ತಟ್ಟುವ ಸದ್ದು ಕೇಳಿದವರಿಗೆ ಗೊತ್ತು, ಅಲ್ಲಿ ಹಗಲು ರಾತ್ರಿಯ ಭೇದವಿಲ್ಲ. ನಡುರಾತ್ರಿ ಆಸ್ಪತ್ರೆಯಿಂದ ಕರೆ ಬರುತ್ತದೆ. ಬೆಳಿಗ್ಗೆ ಒಂದು ಮನೆಯಲ್ಲಿ ಶವಸಂಸ್ಕಾರ, ಸಂಜೆ ಇನ್ನೊಂದು ಮನೆಯಲ್ಲಿ ನಿಶ್ಚಿತಾರ್ಥ. ಒಂದೆಡೆ ಅಳುವವರ ಜತೆ ಅಳಬೇಕು, ನಾಲ್ಕು ಗಂಟೆ ಕಳೆಯುವುದರೊಳಗೆ ನಗುವವರ ಜತೆ ನಗಬೇಕು. ಮಧ್ಯೆ ಗಂಡ ಹೆಂಡತಿಯ ಜಗಳ, ಕುಡಿತಕ್ಕೆ ಬಿದ್ದ ಮಗ, ಸ್ಮಶಾನದ ಜಾಗದ ತಕರಾರು, ಭಾನುವಾರ ಶಾಲೆಯ ಮಕ್ಕಳ ಕಾರ್ಯಕ್ರಮ, ಕಮಿಟಿ ಸಭೆ. ಇಷ್ಟೆಲ್ಲ ಮುಗಿದ ಮೇಲೆ ಭಾನುವಾರದ ಪ್ರಸಂಗಕ್ಕೆ ಓದಿಕೊಳ್ಳಬೇಕು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರ ಸಂಖ್ಯೆ ಸುಮಾರು 11.43 ಲಕ್ಷ, ಅಂದರೆ ಒಟ್ಟು ಜನಸಂಖ್ಯೆಯ ಶೇ. 1.87. ಸಂಖ್ಯೆ ಸಣ್ಣದು, ಪಂಗಡಗಳು ಹಲವು. ಕೆಥೊಲಿಕರಲ್ಲಿ ಫಾದರ್, ಹಳೆ ಮೈಸೂರಿನ ಕಡೆ ಸ್ವಾಮಿಗಳು, ಪ್ರೊಟೆಸ್ಟಂಟರಲ್ಲಿ ಅಯ್ಯನವರು ಅಥವಾ ಪಾಸ್ಟರ್. ಕರೆಯುವ ಹೆಸರು ಬೇರೆ, ಹೊರುವ ಹೊರೆ ಬಹುಪಾಲು ಒಂದೇ. ಈ ಹೊರೆ ಎಲ್ಲಿಂದ ಬಂತು, ಅದನ್ನು ಹೊರುವವರಿಗೆ ಹೆಗಲು ಕೊಡುವವರು ಯಾರು ಎಂಬುದನ್ನು ಮುಖ್ಯವಾಗಿ ಕರಾವಳಿ ಮತ್ತು ಉತ್ತರ ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳನ್ನು ಕಣ್ಣ ಮುಂದಿಟ್ಟುಕೊಂಡು ನೋಡೋಣ.

ಓಡಿಹೋಗಬಯಸಿದ ಗುರು

ಸಭಾಪಾಲಕ ಎಂಬ ಪದದಲ್ಲೇ ಪಾಲನೆ ಇದೆ. ಬೈಬಲಿನ ಚಿತ್ರ ಕುರುಬನದು. ಮುಂದೆ ನಡೆದು ದಾರಿ ತೋರಿಸಬೇಕು, ಹಿಂದೆ ಉಳಿದದ್ದನ್ನು ಹುಡುಕಬೇಕು, ತೋಳ ಬಂದರೆ ಓಡಿಹೋಗಬಾರದು. ಕೇಳಲು ಸುಂದರ, ಮಾಡಲು ಕಷ್ಟ.

ಈ ಕಷ್ಟ ಇಂದಿನದಲ್ಲ. ಕ್ರಿ.ಶ. 590ರಲ್ಲಿ ರೋಮಿನ ಪೋಪ್ ಪದವಿಗೆ ಏರಿದ ಗ್ರೆಗೊರಿ ಆ ಹೊಣೆಯಿಂದ ತಪ್ಪಿಸಿಕೊಳ್ಳಲು ಯತ್ನಿಸಿದವರು. ಹಾಗೇಕೆ ಮಾಡಿದಿರಿ ಎಂದು ಆಕ್ಷೇಪಿಸಿದವರಿಗೆ ಉತ್ತರವಾಗಿ ಅವರು ಸಭಾಪಾಲನೆಯ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ದೇಹದ ವೈದ್ಯನಾಗಲು ಕಲಿಕೆ ಬೇಕು, ಮನಸ್ಸಿನ ಗಾಯಕ್ಕೆ ಮದ್ದು ಹಚ್ಚುವವನಿಗೆ ಬೇಡವೇ ಎಂಬುದು ಅವರ ವಾದ. ಬಡವನಿಗೆ ಹೇಳುವ ಮಾತು ಶ್ರೀಮಂತನಿಗೆ ಸಲ್ಲದು, ಹಿಗ್ಗಿದವನಿಗೆ ಹೇಳುವುದು ಕುಗ್ಗಿದವನಿಗೆ ಸಲ್ಲದು ಎಂದು ಅವರು ಪಟ್ಟಿ ಮಾಡಿ ತೋರಿಸುತ್ತಾರೆ. ಹದಿನಾಲ್ಕು ಶತಮಾನ ಕಳೆದರೂ ಈ ಪಟ್ಟಿ ಹಳತಾಗಿಲ್ಲ. ಒಂದೇ ಬೆಂಚಿನಲ್ಲಿ ಸಾಲಗಾರನೂ ಸಾಲ ಕೊಟ್ಟವನೂ ಕೂತಿರುವಾಗ ಪ್ರಸಂಗ ಮಾಡುವವರ ಪಾಡು ಇಂದಿಗೂ ಅದೇ.

ಮಿಷನ್ ಬಂಗಲೆಯ ನೆರಳು

ನಮ್ಮ ನಾಡಿನ ಸಭಾಪಾಲಕರ ಕಷ್ಟಕ್ಕೆ ಒಂದು ವಿಶೇಷ ಹಿನ್ನೆಲೆ ಉಂಟು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದೆ ಅವರ ಮಾತು ಕೇಳಿ ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಜಾತಿಯಿಂದ ಹೊರಬಿದ್ದರು. ಜಾತಿ ಹೋದರೆ ಕುಲಕಸುಬು ಹೋಯಿತು, ಗೇಣಿಯ ನೆಲ ಹೋಯಿತು, ತಲೆಯ ಮೇಲಿನ ಸೂರೂ ಹೋಯಿತು. ಹೊಸ ಹೊಟ್ಟೆಪಾಡು ತೋರಿಸುವ ಹೊಣೆ ಮಿಷನ್ನಿನ ಮೇಲೆ ಬಿತ್ತು. 1851ರಲ್ಲಿ ನೇಯ್ಗೆ, 1865ರಲ್ಲಿ ಪ್ಲೆಬ್‌ಸ್ಟ್ ಎಂಬವರ ನೇತೃತ್ವದಲ್ಲಿ ಹೆಂಚಿನ ಕಾರ್ಖಾನೆ ಶುರುವಾದವು. ಮಂಗಳೂರು ಹೆಂಚು ಊರೂರಿಗೆ ಹೆಸರಾದದ್ದು ಈ ದಾರಿಯಲ್ಲೇ.

ಇದರಿಂದ ಸಭೆಯ ಒಳಗೆ ಒಂದು ವಿಚಿತ್ರ ಸ್ಥಿತಿ ಹುಟ್ಟಿತು. ಭಾನುವಾರ ಉಪದೇಶ ಮಾಡುವ ಮಿಷನ್ನೇ ಸೋಮವಾರ ಕೂಲಿ ಕೊಡುವ ಧಣಿ. ಶಾಲೆ ಅದರದ್ದು, ಔಷಧಿ ಅದರದ್ದು, ವಾಸದ ಮನೆಯೂ ಅನೇಕರಿಗೆ ಅದರದ್ದೇ. ಮಿಷನರಿ ದೊರೆ ಎಂದರೆ ಗುರು, ತಂದೆ, ನ್ಯಾಯ ಹೇಳುವ ಪಟೇಲ, ಎಲ್ಲವೂ.

ಸ್ಥಳೀಯರನ್ನೇ ಪಾಲಕರನ್ನಾಗಿ ತಯಾರಿಸುವ ಕೆಲಸವೂ ಬೇಗನೆ ಆರಂಭವಾಯಿತು. 1847ರಲ್ಲಿ ಮಂಗಳೂರಿನಲ್ಲಿ ದೈವಜ್ಞಾನ ಶಾಲೆ ಶುರುವಾಯಿತು. ಬಲ್ಮಠದ ಇಂದಿನ ಕರ್ನಾಟಕ ದೈವಜ್ಞಾನ ಕಾಲೇಜಿನ ಬೇರು ಅಲ್ಲಿದೆ. ಸಾರಸ್ವತ ಬ್ರಾಹ್ಮಣ ಮನೆತನದಿಂದ ಬಂದು 1844ರಲ್ಲಿ ದೀಕ್ಷಾಸ್ನಾನ ಪಡೆದ ಹರ್ಮನ್ ಆನಂದರಾವ್ ಕೌಂಡಿನ್ಯ ಬಾಸೆಲಿನಲ್ಲಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದರು. ಆದರೂ ಹಣ ಮತ್ತು ಅಧಿಕಾರದ ಬೀಗದ ಕೈ ಬಹುಕಾಲ ಬಂಗಲೆಯಲ್ಲೇ ಉಳಿಯಿತು.

1914ರ ಮಹಾಯುದ್ಧ ಈ ವ್ಯವಸ್ಥೆಯನ್ನು ಬುಡಸಮೇತ ಅಲುಗಿಸಿತು. ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರು ದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದ ಕಳುಹಿಸಲಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಸಭೆಗಳ ಭಾರ ಸ್ಥಳೀಯ ಪಾಲಕರ ಮತ್ತು ಹಿರಿಯರ ಹೆಗಲಿಗೆ ಬಿತ್ತು. ಮಿಷನರಿಗಳು ಆಮೇಲೆ ಮರಳಿ ಬಂದರೂ ಹಳೆಯ ದಿನಗಳು ಮರಳಲಿಲ್ಲ.

ಇಲ್ಲಿದೆ ತೊಡಕಿನ ಮೂಲ. ಧಣಿ ಹೋದರು, ಕಾರ್ಖಾನೆ ಹೋಯಿತು, ಜನರ ನಿರೀಕ್ಷೆ ಮಾತ್ರ ಹೋಗಲಿಲ್ಲ. ಮಗನಿಗೆ ಮಿಷನ್ ಶಾಲೆಯಲ್ಲಿ ಸೀಟು, ಮಗಳಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಮುರಿದ ಮಾಡಿಗೆ ಸಹಾಯ, ಎಲ್ಲಕ್ಕೂ ಇಂದಿಗೂ ಅಯ್ಯನವರ ಮನೆಗೇ ಬರುತ್ತಾರೆ. ಅಯ್ಯನವರ ಕೈಯಲ್ಲಿ ಇರುವುದು ಒಂದು ಶಿಫಾರಸು ಪತ್ರ ಬರೆಯುವ ಪೆನ್ನು ಮಾತ್ರ. ಕೆಲಸ ಸಿಕ್ಕಿದರೆ ಅದು ಮಗನ ಅರ್ಹತೆ. ಸಿಗದಿದ್ದರೆ ಅಯ್ಯನವರು ನಮಗಾಗಿ ಬಾಯಿ ಬಿಡಲಿಲ್ಲ ಎಂಬ ಮುನಿಸು. ಅಧಿಕಾರವಿಲ್ಲದವರ ಮೇಲೆ ಅಧಿಕಾರದ ನಿರೀಕ್ಷೆ ಹೇರುವುದಕ್ಕಿಂತ ದೊಡ್ಡ ಸಂಕಟ ಬೇರೊಂದಿಲ್ಲ.

ಸಂಬಳ ಕೊಡುವವರಿಗೆ ಬುದ್ಧಿ ಹೇಳುವುದು ಹೇಗೆ?

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ರೂಪುಗೊಂಡಿತು. ಕನ್ನಡ ನಾಡಿನ ಬಾಸೆಲ್ ಮಿಷನ್ ಸಭೆಗಳು ಆಮೇಲೆ ಬಂದು ಸೇರಿಕೊಂಡವು. ಇಂದು ಕರ್ನಾಟಕದಲ್ಲಿ ಮಧ್ಯ, ಉತ್ತರ, ದಕ್ಷಿಣ ಎಂದು ಅದಕ್ಕೆ ಮೂರು ಸಭಾಪ್ರಾಂತಗಳಿವೆ. ಬಿಷಪರ ಹಿರಿತನವೂ ಇದೆ, ಸದಸ್ಯರು ಮತ ಹಾಕಿ ಆರಿಸುವ ಕಮಿಟಿಯೂ ಇದೆ.

ಪ್ರಜಾಪ್ರಭುತ್ವ ಒಳ್ಳೆಯದೇ. ಆದರೆ ಚುನಾವಣೆ ಬಂದಾಗ ಸಭೆಯಲ್ಲಿ ಪಕ್ಷಗಳೂ ಬರುತ್ತವೆ. ಮತ ಎಣಿಸಿ ಮುಗಿದರೂ ಗೆದ್ದವರ ಗುಂಪು, ಸೋತವರ ಗುಂಪು ಕರಗುವುದಿಲ್ಲ. ಸಭಾಪಾಲಕರು ಒಬ್ಬರ ಮನೆಯಲ್ಲಿ ಊಟ ಮಾಡಿದರೆ ಇನ್ನೊಬ್ಬರಿಗೆ ಅದೇ ಸಾಕ್ಷಿ. ಕಮಿಟಿಯ ಅಧ್ಯಕ್ಷ ಪೀಠದಲ್ಲಿ ಕೂರುವವರು ಅವರೇ. ತಮ್ಮ ಮನೆಯ ಸೋರುವ ಮಾಡಿನ ದುರಸ್ತಿಗೆ ಆ ಕಮಿಟಿಯ ಒಪ್ಪಿಗೆ ಕಾಯಬೇಕಾದವರೂ ಅವರೇ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ಎಂದರೆ ಇದೇ.

ಮೇಲಿನ ಹಂತದಲ್ಲಿ ಕೂಡ ಪರಿಸ್ಥಿತಿ ಹಗುರವಲ್ಲ. 2023ರ ಸಿನೋಡ್ ಚುನಾವಣೆಯ ವಿವಾದ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಹಿರಿಯರು ನ್ಯಾಯಾಲಯದಲ್ಲಿ ಎದುರುಬದುರಾದಾಗ ಹಳ್ಳಿಯ ಚರ್ಚಿನಲ್ಲಿ ಕ್ಷಮೆಯ ಬಗ್ಗೆ ಪ್ರಸಂಗ ಮಾಡುವ ಪಾಲಕರಿಗೆ ಮುಜುಗರವಾಗದೇ?

ಕೆಥೊಲಿಕ್ ಸಭೆಯ ಕ್ರಮ ಬೇರೆ. 1983ರ ಧರ್ಮಸಭಾ ಕಾನೂನಿನಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಸಮಿತಿಯ ಅಭಿಪ್ರಾಯ ಸಲಹೆಯ ಮಟ್ಟದ್ದು. ಕೊನೆಯ ಮಾತು ಗುರುಗಳದ್ದು. ಅಲ್ಲಿ ಗುಂಪುಗಾರಿಕೆಗೆ ಅವಕಾಶ ಕಡಿಮೆ ಎನ್ನಬಹುದು. ಆದರೆ ನಿರ್ಧಾರ ತಪ್ಪಾದರೆ ಹೊಣೆಯೂ ಒಬ್ಬರದ್ದೇ. ದಿನವಿಡೀ ನೂರು ಜನರ ಅಳಲು ಕೇಳಿ, ರಾತ್ರಿ ಒಂಟಿಯಾಗಿ ಊಟಕ್ಕೆ ಕೂರುವ ಗುರುಗಳ ಏಕಾಂತವನ್ನು ಭಕ್ತರು ಗಮನಿಸುವುದು ಅಪರೂಪ.

ಇನ್ನು ಯಾವ ದೊಡ್ಡ ಸಂಸ್ಥೆಗೂ ಸೇರದ ಸ್ವತಂತ್ರ ಪ್ರಾರ್ಥನಾ ಮಂದಿರಗಳ ಪಾಸ್ಟರುಗಳು. ಅವರಿಗೆ ವರ್ಗಾವಣೆಯ ಭಯವಿಲ್ಲ, ನಿವೃತ್ತಿ ವೇತನದ ಭರವಸೆಯೂ ಇಲ್ಲ. ಕಾಣಿಕೆ ಬಂದಷ್ಟೇ ಜೀವನ. ಅಲ್ಲಿ ಒಬ್ಬನೇ ಎಲ್ಲವೂ ಆಗಿರುವುದರಿಂದ, ಲೆಕ್ಕ ಕೇಳುವವರಿಲ್ಲದ ಅಪಾಯವೂ ಇದೆ.

ದಾಖಲೆ ಪುಸ್ತಕದ ಭಾರ

ಪಾಲಕರ ಮೇಜಿನ ಮೇಲೆ ಬೈಬಲಿನ ಪಕ್ಕದಲ್ಲೇ ದಪ್ಪ ದಪ್ಪ ದಾಖಲೆ ಪುಸ್ತಕಗಳಿರುತ್ತವೆ. ದೀಕ್ಷಾಸ್ನಾನ, ವಿವಾಹ, ಮರಣ ಎಲ್ಲವೂ ಅಲ್ಲಿ ದಾಖಲಾಗಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಡಿ ಮದುವೆ ನಡೆಸುವವರು ಕಾನೂನಿನ ಕೆಲಸವನ್ನೂ ಮಾಡುತ್ತಿರುತ್ತಾರೆ. ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7 ಗಂಟೆಯ ಒಳಗೆ ಮದುವೆ ನಡೆಯಬೇಕು, ವಯಸ್ಸು ಸರಿಯಿರಬೇಕು, ಸಾಕ್ಷಿಗಳ ಸಹಿ ಇರಬೇಕು. ಛತ್ರ ಗೊತ್ತಾಗಿದೆ, ಕಾಗದ ಹಂಚಿ ಆಗಿದೆ, ಹೇಗಾದರೂ ನಡೆಸಿಕೊಡಿ ಅಯ್ಯನವರೇ ಎಂದು ಬಂಧುಗಳು ಬಂದು ನಿಂತಾಗ ಆಗದು ಎನ್ನಲು ಎದೆಗಾರಿಕೆ ಬೇಕು.

ಅದಕ್ಕಿಂತ ನೋವಿನ ಪ್ರಶ್ನೆ ಇನ್ನೊಂದಿದೆ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ದಲಿತ ಕ್ರೈಸ್ತರಿಗೆ ಸಿಕ್ಕಿಲ್ಲ. ಮತಾಂತರಗೊಂಡ ದಲಿತರ ವಿಷಯ ಪರಿಶೀಲಿಸಲು 2022ರಲ್ಲಿ ಕೇಂದ್ರ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಆಯೋಗದ ಕೆಲಸ ದೆಹಲಿಯಲ್ಲಿ. ಇಕ್ಕಟ್ಟು ಹಳ್ಳಿಯ ಪಾಲಕರ ಮನೆಯಲ್ಲಿ. ನಮ್ಮನ್ನು ಸಭೆಗೆ ಸೇರಿಸಿಕೊಳ್ಳಿ, ಆದರೆ ಹೆಸರು ಬರೆಯಬೇಡಿ, ಮಕ್ಕಳ ವಿದ್ಯಾರ್ಥಿವೇತನ ಹೋಗುತ್ತದೆ ಎಂದು ಬಡ ತಂದೆಯೊಬ್ಬ ಕೈಮುಗಿದರೆ ಪಾಲಕರು ಏನು ಮಾಡಬೇಕು? ಬರೆದರೆ ಮಗುವಿನ ಓದಿಗೆ ಕುತ್ತು, ಬರೆಯದಿದ್ದರೆ ಸತ್ಯಕ್ಕೆ ಕುತ್ತು. ಯಾವ ದೈವಜ್ಞಾನದ ಪುಸ್ತಕದಲ್ಲೂ ಇದಕ್ಕೆ ಸಿದ್ಧ ಉತ್ತರವಿಲ್ಲ.

ಬೇಲಿಯಾಚೆಯ ಊರು

ಪಾಲಕರು ತಮ್ಮ ಸಭೆಗೆ ಮಾತ್ರ ಸೇರಿದವರೇ, ಊರಿಗೂ ಸೇರಿದವರೇ? ಈ ಪ್ರಶ್ನೆಗೆ ಕನ್ನಡಿಗರ ಬಳಿ ಒಂದು ಹೆಮ್ಮೆಯ ಉತ್ತರವಿದೆ. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾಲಕರಾಗಿ ಹೂವಿನಹಡಗಲಿಯಂಥ ಊರುಗಳಲ್ಲಿ ಸೇವೆ ಮಾಡಿದವರು. ಹಳ್ಳಿಗರ ಬಾಯಲ್ಲೂ ಹಳೆಯ ಓಲೆಗಳಲ್ಲೂ ಹರಡಿಹೋಗಿದ್ದ ಸರ್ವಜ್ಞನ ವಚನಗಳನ್ನು ಒಟ್ಟುಗೂಡಿಸಿ 1924ರಲ್ಲಿ ಪ್ರಕಟಿಸಿದವರು ಇವರೇ. ಅನುಭವ ಮಂಟಪದ ಬಗ್ಗೆಯೂ ಆಳವಾಗಿ ಬರೆದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರನ್ನು ಹುಡುಕಿಕೊಂಡು ಬಂತು. ತಮ್ಮ ನಂಬಿಕೆಯನ್ನು ಬಿಟ್ಟುಕೊಡದೆ, ನೆರೆಯವರ ನಂಬಿಕೆಯನ್ನು ಇಷ್ಟು ಪ್ರೀತಿಯಿಂದ ಓದಿದ ಪಾಲಕರು ಊರಿಗೇ ಹಿರಿಯರಾದರು.

ಇಂಥ ಬಾಳ್ವೆಯ ಬೆಲೆ ತಿಳಿಯುವುದು ಕೆಟ್ಟ ಕಾಲದಲ್ಲಿ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಚರ್ಚ್ ಮತ್ತು ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಾಗ ರೊಚ್ಚಿಗೆದ್ದ ಯುವಕರು ಬೀದಿಗೆ ಬಂದರು. ಆ ಹೊತ್ತಿನಲ್ಲಿ ಗುರುಗಳಾದವರ ಮುಂದೆ ಎರಡು ಹೊಣೆ ಇದ್ದವು. ತಮ್ಮವರ ನೋವಿಗೆ ದನಿಯಾಗಬೇಕು, ಅದೇ ದನಿ ಬೆಂಕಿಗೆ ತುಪ್ಪವಾಗಬಾರದು. ಮೆತ್ತಗೆ ಮಾತಾಡಿದರೆ ಹೇಡಿ, ಗಟ್ಟಿಯಾಗಿ ಮಾತಾಡಿದರೆ ಪ್ರಚೋದಕ. ಹೊರಗಿನವರೊಂದಿಗೆ ನಿತ್ಯದ ಒಡನಾಟ ಇಟ್ಟುಕೊಂಡವರಿಗೆ ಮಾತ್ರ ಅಂಥ ವೇಳೆ ಫೋನು ಮಾಡಿ ಕೇಳಲು ನಾಲ್ಕು ಜನ ಸ್ನೇಹಿತರು ಇರುತ್ತಾರೆ.

2020ರ ಕೋವಿಡ್ ಕಾಲದ ಪರೀಕ್ಷೆ ಇನ್ನೊಂದು ಬಗೆಯದು. ಚರ್ಚಿನ ಬಾಗಿಲಿಗೆ ಬೀಗ, ಆಸ್ಪತ್ರೆಯೊಳಗೆ ಪ್ರವೇಶವಿಲ್ಲ, ಅಂತ್ಯಸಂಸ್ಕಾರಕ್ಕೆ ಬೆರಳೆಣಿಕೆಯ ಜನ. ಕೈಹಿಡಿದು ಪ್ರಾರ್ಥಿಸುವುದೇ ಕಸುಬಾದವರಿಗೆ ಮುಟ್ಟಬೇಡ ಎಂಬ ಆಜ್ಞೆ. ಮೊಬೈಲ್ ಪರದೆಯ ಮುಂದೆ ಪ್ರಸಂಗ ಮಾಡಲು ಅನೇಕರು ಆಗಲೇ ಕಲಿತರು. ಜತೆಗೆ ಹೊಸ ಕಷ್ಟವೂ ಬಂತು. ಈಗ ಮನೆಯ ಸೋಫಾದಲ್ಲಿ ಕೂತು ಲೋಕದ ಯಾವ ಮೂಲೆಯ ಪ್ರಸಂಗವನ್ನಾದರೂ ಕೇಳಬಹುದು. ನಮ್ಮ ಅಯ್ಯನವರ ಮಾತು ಅಷ್ಟು ಚೆನ್ನಾಗಿಲ್ಲ ಎಂಬ ಹೋಲಿಕೆ ಶುರುವಾಗಿದೆ. ಆದರೆ ಪರದೆಯ ಮೇಲಿನ ಪ್ರಚಾರಕರು ನಿಮ್ಮ ತಾಯಿಯ ಶವದ ಪಕ್ಕ ಬಂದು ನಿಲ್ಲುವರೇ?

ಭಾಷೆ, ಮಹಿಳೆ ಮತ್ತು ಅಮ್ಮನವರು

ಕರಾವಳಿಯ ಬಾಸೆಲ್ ಪರಂಪರೆಯ ಸಭೆಗಳಲ್ಲಿ ಅನೇಕರ ಮನೆಮಾತು ತುಳು, ಆರಾಧನೆಯ ಭಾಷೆ ಕನ್ನಡ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಬಂದಿದ್ದರೂ ಚರ್ಚಿನ ಮಾತಾಗಿ ಬೇರೂರಿದ್ದು ಕನ್ನಡ. ಈಗ ನಗರದ ಮಕ್ಕಳು ಇಂಗ್ಲಿಷಿನಲ್ಲೇ ಪ್ರಾರ್ಥಿಸುತ್ತಾರೆ. ಇಂಗ್ಲಿಷ್ ಆರಾಧನೆ ಇಟ್ಟರೆ ಅಜ್ಜ ಅಜ್ಜಿಯರಿಗೆ ಬೇಸರ, ಇಡದಿದ್ದರೆ ಮೊಮ್ಮಕ್ಕಳು ಗೈರುಹಾಜರು. ಬೆಂಗಳೂರಿನ ಕೆಥೊಲಿಕ್ ಚರ್ಚುಗಳಲ್ಲಿ ಪೂಜೆ ಯಾವ ಭಾಷೆಯಲ್ಲಿ, ಯಾವ ಹೊತ್ತಿಗೆ ಎಂಬುದು ದಶಕಗಳ ವಾದ. ಎರಡು ಭಾಷೆಯವರನ್ನು ಒಂದೇ ಸೂರಿನಡಿ ಹಿಡಿದಿಡುವ ಗುರುಗಳಿಗೆ ವ್ಯಾಕರಣಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಮಹಿಳೆಯರಿಗೂ ಗುರುದೀಕ್ಷೆ ಕೊಡಲು ಸಿ.ಎಸ್.ಐ. ಆರಂಭಿಸಿದ್ದು 1976ರಲ್ಲಿ. 2013ರಲ್ಲಿ ಆಂಧ್ರದ ನಂದ್ಯಾಲ ಪ್ರಾಂತಕ್ಕೆ ಇ. ಪುಷ್ಪಲಲಿತಾ ಅವರು ಬಿಷಪರಾದದ್ದು ಆ ಸಭೆಯಲ್ಲಿ ಮಹಿಳೆಗೆ ಸಿಕ್ಕ ಮೊದಲ ಬಿಷಪ್ ಪದವಿ. ಕಾನೂನಿನ ಬಾಗಿಲು ತೆರೆದಷ್ಟು ಸಲೀಸಾಗಿ ಮನಸ್ಸಿನ ಬಾಗಿಲು ತೆರೆಯುವುದಿಲ್ಲ. ಮದುವೆಗೆ ಗಂಡಸು ಪಾಲಕರೇ ಬರಲಿ ಎನ್ನುವವರು ಈಗಲೂ ಇದ್ದಾರೆ.

ದೀಕ್ಷೆಯಿಲ್ಲದೆ, ಸಂಬಳವಿಲ್ಲದೆ ದುಡಿಯುವ ಇನ್ನೊಬ್ಬರಿದ್ದಾರೆ. ಅವರು ಅಯ್ಯನವರ ಪತ್ನಿ. ಸ್ತ್ರೀಯರ ಕೂಟ, ಭಾನುವಾರ ಶಾಲೆ, ಬಂದವರಿಗೆಲ್ಲ ಚಹ, ಎಲ್ಲವೂ ಅಮ್ಮನವರ ಪಾಲಿಗೆ. ಕೆಲವು ವರ್ಷಗಳಿಗೊಮ್ಮೆ ವರ್ಗವಾದಾಗ ಅವರ ಉದ್ಯೋಗ, ಮಕ್ಕಳ ಶಾಲೆ, ಗೆಳೆತನ ಎಲ್ಲವನ್ನೂ ಮೂಟೆ ಕಟ್ಟಬೇಕು. ಮಕ್ಕಳು ತಪ್ಪು ಮಾಡಿದರೆ ಪಾಸ್ಟರ ಮಗನೇ ಹೀಗಾದರೆ ಎಂಬ ಕೊಂಕು ಬೇರೆ.

ಹೆಗಲಿಗೆ ಹೆಗಲು

ಎಲ್ಲರ ಗುಟ್ಟು ಕೇಳುವ ವ್ಯಕ್ತಿ ತನ್ನ ಗುಟ್ಟನ್ನು ಯಾರಿಗೆ ಹೇಳಬೇಕು? ಸಭೆಯವರಿಗೆ ಹೇಳಿದರೆ ಊರಿಗೆ ತಿಳಿಯುತ್ತದೆ. ಬಿಷಪರಿಗೆ ಹೇಳೋಣವೆಂದರೆ ವರ್ಗಾವಣೆಯ ಪಟ್ಟಿಯೂ ಅವರ ಕೈಯಲ್ಲೇ ಇದೆ. ಸೆರಾಂಪುರದ ಬಿ.ಡಿ. ಪದವಿಯಲ್ಲಿ ಹೀಬ್ರೂ, ಗ್ರೀಕ್, ಸಭಾ ಇತಿಹಾಸ ಓದಿ ಬಂದ ಯುವಕ ಎರಡೇ ವರ್ಷದಲ್ಲಿ ಬಸವಳಿದು ಹೋದರೆ ಅದು ಅವನ ಭಕ್ತಿಯ ಕೊರತೆಯಲ್ಲ, ಆಸರೆಯ ಕೊರತೆ.

ಮದ್ರಾಸಿನಲ್ಲಿ 1965ರಿಂದ 1974ರವರೆಗೆ ಬಿಷಪರಾಗಿದ್ದ ಲೆಸ್ಲಿ ನ್ಯೂಬಿಗಿನ್ ತಮ್ಮ ಪಾಲಕರನ್ನು ಒಟ್ಟಿಗೆ ಕೂರಿಸಿ ಅವರ ಕೆಲಸದ ಬಗ್ಗೆಯೇ ಮಾತಾಡುತ್ತಿದ್ದರು. ಆ ಮಾತುಗಳು 1977ರಲ್ಲಿ ಒಳ್ಳೆಯ ಕುರುಬನ ಹೆಸರಿನ ಇಂಗ್ಲಿಷ್ ಪುಸ್ತಕವಾಗಿ ಬಂದವು. ಅಲ್ಲಿ ಎದ್ದು ಕಾಣುವುದು ಒಂದೇ ಸಂಗತಿ: ಕುರುಬರಿಗೂ ಒಬ್ಬ ಕುರುಬ ಬೇಕು.

ಇದಕ್ಕೆ ದೊಡ್ಡ ನಿಧಿಯೇನೂ ಬೇಡ. ಹತ್ತಿರದ ಐದಾರು ಸಭೆಗಳ ಪಾಲಕರು ತಿಂಗಳಿಗೊಮ್ಮೆ ಕೂತು ಮನಬಿಚ್ಚಿ ಮಾತಾಡುವ ಕೂಟ, ನಿವೃತ್ತರಾದ ಹಿರಿಯ ಪಾಲಕರೊಬ್ಬರ ಮಾರ್ಗದರ್ಶನ, ವಾರದಲ್ಲಿ ಒಂದು ದಿನ ಕಡ್ಡಾಯ ರಜೆ. ಲೆಕ್ಕಪತ್ರ, ಕಟ್ಟಡ, ಜಮೀನಿನ ವ್ಯವಹಾರ ಸಭೆಯಲ್ಲಿರುವ ಲೆಕ್ಕಿಗರು, ಇಂಜಿನಿಯರುಗಳು, ವಕೀಲರ ಪಾಲಿಗೆ ಬರಲಿ. ಅದರ ವಿವರ ವರ್ಷಕ್ಕೊಮ್ಮೆ ಎಲ್ಲರ ಮುಂದೆ ಬರಲಿ. ಇದರಿಂದ ಪಾಲಕರಿಗೆ ಬಿಡುವು ಸಿಗುತ್ತದೆ, ಜತೆಗೆ ಅನುಮಾನದ ಕಣ್ಣೂ ತಪ್ಪುತ್ತದೆ. ಲೆಕ್ಕ ಒಪ್ಪಿಸಬೇಕಾದ ಕಡೆ ಪಾಲಕರೂ ಒಪ್ಪಿಸಬೇಕು. ಗೌರವ ಎಂದರೆ ಪ್ರಶ್ನೆ ಕೇಳದಿರುವುದಲ್ಲ.

ಸಂಸ್ಥೆ ಬೆಳೆದಂತೆ ಪಾಲಕರು ಮ್ಯಾನೇಜರರಾಗುತ್ತಾ ಹೋದರೆ, ಮನೆಮನೆಗೆ ಹೋಗಿ ಚಾಪೆಯ ಮೇಲೆ ಕೂತು ಸುಖದುಃಖ ವಿಚಾರಿಸುವ ಕೆಲಸ ಯಾರದ್ದು? ಸಭೆಯನ್ನು ಹಿಡಿದು ನಿಲ್ಲಿಸಿರುವುದು ಆ ಭೇಟಿಯೇ ಹೊರತು ಕಟ್ಟಡದ ಗೋಪುರವಲ್ಲ. ಅದಕ್ಕೆ ಬೇಕಾದ ಹೊತ್ತು, ನೆಮ್ಮದಿ ಪಾಲಕರಿಗೆ ಸಿಗುವಂತೆ ಮಾಡುವುದು ಸಭೆಯವರ ಕೈಯಲ್ಲಿದೆ. ಮುಂದಿನ ಸಲ ಅಯ್ಯನವರು ಮನೆಗೆ ಬಂದಾಗ ನಿಮ್ಮ ಕಷ್ಟ ಹೇಳಿ ಮುಗಿಸಿದ ಮೇಲೆ, ನೀವು ಹೇಗಿದ್ದೀರಿ ಅಯ್ಯನವರೇ ಎಂದು ಒಂದು ಮಾತು ಕೇಳಿ ನೋಡಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು. ಕಾಯಿರಿ.